ಗೊದ್ದದ ರಾಣಿಗಾಗಿ ಕೊಂಡ ಅಕ್ರಿಲಿಕ್ ಗೂಡು

ಮುಂಗಾರಿನ ಮೊದಲ ಮಳೆಯ ರಾತ್ರಿ, ಮೈಸೂರಿನ ನಮ್ಮ ಮನೆಯ ಜಗಲಿಯಲ್ಲಿ ರೆಕ್ಕೆ ಕಳಚಿದ ಗೊದ್ದ ಇರುವೆಯ ರಾಣಿಯೊಂದು ಸಿಕ್ಕಿತು. ತಳದಲ್ಲಿ ನೀರು ತುಂಬಿ, ನಡುವೆ ಹತ್ತಿ ತುರುಕಿದ ಪ್ರನಾಳದಲ್ಲಿಟ್ಟು ಕತ್ತಲಲ್ಲಿ ಬಿಟ್ಟೆ. ಆಹಾರವೇ ಬೇಡ, ರೆಕ್ಕೆಯ ಸ್ನಾಯುಗಳನ್ನು ಕರಗಿಸಿಕೊಂಡೇ ಅವಳು ಮೊದಲ ಮರಿಗಳನ್ನು ಸಾಕುತ್ತಾಳೆ. ಆರನೆಯ ವಾರ 5 ಪುಟ್ಟ ಕೆಲಸಗಾರ್ತಿಯರು!

ಆ ಸಂಭ್ರಮದಲ್ಲಿ 900 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಅಕ್ರಿಲಿಕ್ ಗೂಡು ತರಿಸಿದೆ. ಒಳಗಿನದೆಲ್ಲ ಸ್ಪಷ್ಟವಾಗಿ ಕಾಣುತ್ತದೆ, ಇರುವೆಗಳಿಗೆ ಕತ್ತಲೆನಿಸುವಂತೆ ಮಾಡುವ ಕೆಂಪು ಹೊದಿಕೆಯೂ ಒಳ್ಳೆಯದು. ಆದರೆ ನೀರಿನ ತೊಟ್ಟಿ ಸೋರಿ ಕೋಣೆಗಳು ತೊಯ್ದವು, ಮರಿಗಳು ಸುತ್ತಿಕೊಂಡಿದ್ದ ಎರಡು ಕೋಶಗಳಿಗೆ ಬೂಷ್ಟು ಹಿಡಿಯಿತು. ಅದನ್ನು ನೋಡಿ ಹೊಟ್ಟೆ ಉರಿಯಿತು. ಮಾರಿದವರು ಬದಲಿ ಕೊಡಲಿಲ್ಲ. ಸಂಸಾರ ಚಿಕ್ಕದಿರುವಾಗ ಇದನ್ನು ಕೊಳ್ಳಬೇಡಿ, ಪ್ರನಾಳವೇ ಸಾಕು. ನಮ್ಮವರು ಅಲ್ಲಿಗೇ ಮರಳಿದ್ದಾರೆ. ನಿನ್ನೆ ಜೇನಿನ ಹನಿಯೊಂದನ್ನು ಸುತ್ತುವರಿದು ಕುಡಿದರು.