ಎಮ್ಯುಲೇಟರ್‌ಗೆ ಯಾವ ಲ್ಯಾಪ್‌ಟಾಪ್? ಮೂರರಲ್ಲಿ ಆಡಿ ನೋಡಿದೆ

ಗೇಮ್ ಆಡೋಕೆ ಲ್ಯಾಪ್‌ಟಾಪ್ ಬೇಕು ಅಂದರೆ ಅಂಗಡಿಯವರು ಮೊದಲು ತೋರಿಸುವುದು ಗ್ರಾಫಿಕ್ಸ್ ಕಾರ್ಡಿನ ಸ್ಟಿಕ್ಕರ್. ಹೊಸ ಪಿಸಿ ಗೇಮ್‌ಗಳಿಗೆ ಆ ಲೆಕ್ಕ ಸರಿ. ಎಮ್ಯುಲೇಟರ್‌ನಲ್ಲಿ (ಕನ್ಸೋಲಿನ ಕೆಲಸವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಾಫ್ಟ್‌ವೇರ್) ಹಳೆಯ ಕನ್ಸೋಲ್ ಆಟ ಆಡುವವರಿಗೆ ಮಾತ್ರ ಮೊದಲು ಬೇಕಾದ್ದು ಪ್ರೊಸೆಸರ್. ಅದರೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ, ಅಂದರೆ ಕೋರ್, ಎಷ್ಟು ಚುರುಕಾಗಿದೆ, ಅರ್ಧ ಗಂಟೆ ಆಡಿ ಬಿಸಿಯಾದ ಮೇಲೂ ಆ ಚುರುಕು ಉಳಿಯುತ್ತದಾ ಅನ್ನೋದನ್ನು ನೋಡಬೇಕು. ಗ್ರಾಫಿಕ್ಸ್ ಆಮೇಲೆ.

ನಾನು ಹೋಲಿಸಿದ್ದು ಮನೆಮಂದಿಯ ಮೂರು ಲ್ಯಾಪ್‌ಟಾಪುಗಳನ್ನು. ತಂಗಿಯದು ಕಾಲೇಜಿಗೆ ಅಂತ ತಗೊಂಡ ತೆಳು ಲ್ಯಾಪ್‌ಟಾಪ್: ಇಂಟೆಲ್ ಐ5-1235ಯು, 8 ಜಿಬಿ ರ್‍ಯಾಮ್. ಚಿಕ್ಕಪ್ಪನ ಮಗನದು ಗೇಮಿಂಗ್ ಲ್ಯಾಪ್‌ಟಾಪ್: ರೈಜನ್ 5 5600ಎಚ್, ಜೊತೆಗೆ 4 ಜಿಬಿಯ ಜಿಟಿಎಕ್ಸ್ 1650. ನನ್ನದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲ: ರೈಜನ್ 7 7840ಎಚ್‌ಎಸ್, ಅದರೊಳಗಿನ ರೇಡಿಯಾನ್ 780ಎಂ, 16 ಜಿಬಿ ರ್‍ಯಾಮ್. ಮೂರಕ್ಕೂ ಅವೇ ಆಟ, ಅವೇ ಸೆಟ್ಟಿಂಗ್, ಚಾರ್ಜರ್ ಹಾಕಿಯೇ.

ಪಿಎಸ್2, ಅಂದರೆ ಸೋನಿಯ ಪ್ಲೇಸ್ಟೇಷನ್ 2ರಿಂದ ಶುರು ಮಾಡೋಣ, ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾಗಿರೋದು ಅದೇ ಅಲ್ವಾ? ಪಿಎಸ್2ರ ಮುಖ್ಯ ಚಿಪ್ ಓಡುತ್ತಿದ್ದದ್ದು ಸುಮಾರು 295 ಮೆಗಾಹರ್ಟ್ಸ್‌ನಲ್ಲಿ. ಇವತ್ತಿನ ಲ್ಯಾಪ್‌ಟಾಪಿಗೆ ಅದೇನು ಮಹಾ ಅನ್ನಿಸಬಹುದು. ಆದರೆ ಪಿಎಸ್2ರ ಎಮ್ಯುಲೇಟರ್ ಪಿಸಿಎಸ್ಎಕ್ಸ್2 ಆ ಚಿಪ್ಪಿನ ಒಂದೊಂದು ಆದೇಶವನ್ನೂ ನಮ್ಮ ಪ್ರೊಸೆಸರ್ ಭಾಷೆಗೆ ತಿರುಗಿಸಬೇಕು. ಜೊತೆಗೆ ಎರಡು ವೆಕ್ಟರ್ ಯೂನಿಟ್‌ಗಳನ್ನೂ ಗ್ರಾಫಿಕ್ಸ್ ಚಿಪ್ಪನ್ನೂ ಒಂದಕ್ಕೊಂದು ತಾಳ ತಪ್ಪದ ಹಾಗೆ ನಡೆಸಬೇಕು. ಈ ಕೆಲಸವನ್ನು ಹತ್ತು ಕೋರ್‌ಗಳಿಗೆ ಹಂಚೋಕೆ ಆಗಲ್ಲ, ಹಿಂದಿನ ಹೆಜ್ಜೆ ಮುಗಿಯದೆ ಮುಂದಿನದು ಶುರುವಾಗಲ್ಲ. ಭಾರವೆಲ್ಲ ಎರಡು ಮೂರು ಥ್ರೆಡ್‌ಗಳ (ಒಂದು ಕೋರ್ ಸಾಲಾಗಿ ಮಾಡುವ ಕೆಲಸದ ಸರಣಿ) ಮೇಲೇ ಬೀಳುತ್ತದೆ.

ತಂಗಿಯ ಲ್ಯಾಪ್‌ಟಾಪಿನಲ್ಲಿ ಗಾಡ್ ಆಫ್ ವಾರ್ 2 ಹಾಕಿ, ರೆಸಲ್ಯೂಷನ್ ಪಿಎಸ್2ರ ಮೂಲದ ಮೂರು ಪಟ್ಟು ಮಾಡಿದೆ. ಅಂದರೆ ಹೆಚ್ಚುಕಡಿಮೆ ಫುಲ್ ಎಚ್‌ಡಿ. ಶುರುವಿನಲ್ಲಿ ಚೆನ್ನಾಗೇ ಓಡಿತು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡ ಕಾಳಗ ಬಂದಾಗ ಮೊದಲು ಕೆಟ್ಟಿದ್ದು ಚಿತ್ರ ಅಲ್ಲ, ಶಬ್ದ. ಮಾತು ಎಳೆದೆಳೆದು ಬರತೊಡಗಿತು, ಸಂಗೀತ ಚರಚರ ಅಂದಿತು. ವೇಗ ಶೇಕಡಾ 100ರಿಂದ ಕೆಳಗಿಳಿದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಕಾರಣ ಸರಳ: 1235ಯು ಮೂಲತಃ 15 ವ್ಯಾಟ್‌ನ ಚಿಪ್. ಶುರುವಿನಲ್ಲಿ ಅದಕ್ಕಿಂತ ಜಾಸ್ತಿ ಎಳೆದುಕೊಂಡು ಓಡುತ್ತದೆ, ಆಮೇಲೆ ಇಳಿಯುತ್ತದೆ. ಆ ಕಡಿಮೆ ವ್ಯಾಟಿನಲ್ಲೇ ಪ್ರೊಸೆಸರ್ ಮತ್ತು ಒಳಗಿನ ಗ್ರಾಫಿಕ್ಸ್ ಎರಡೂ ಬದುಕಬೇಕು. ಹಾಗಾಗಿ ರೆಸಲ್ಯೂಷನ್ ಎರಡು ಪಟ್ಟಿಗೆ ಇಳಿಸಿದರೆ ಚಿತ್ರ ತುಸು ಮಂಕಾದರೂ ಪ್ರೊಸೆಸರಿಗೆ ಉಸಿರು ಬರುತ್ತದೆ. ಇಳಿಸಿದೆ, ಆಟ ನೆಟ್ಟಗಾಯಿತು.

ಇದೇ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ವಿಷಯ ಕಂಡಿತು. ಟಾಸ್ಕ್ ಮ್ಯಾನೇಜರ್ ತೆರೆದರೆ ಗ್ರಾಫಿಕ್ಸ್ ಹೆಸರು ‘ಯುಎಚ್‌ಡಿ ಗ್ರಾಫಿಕ್ಸ್’ ಅಂತಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಇನ್ನೊಂದು 8 ಜಿಬಿ ರ್‍ಯಾಮ್ ತಂದು ಖಾಲಿ ಸ್ಲಾಟಿಗೆ ಹಾಕಿ ಆನ್ ಮಾಡಿದರೆ ಅದೇ ಜಾಗದಲ್ಲಿ ‘ಐರಿಸ್ ಎಕ್ಸ್‌ಇ’ ಅಂತ ಬಂತು! ಚಿಪ್ ಬದಲಾಗಿಲ್ಲ. ಇಂಟೆಲ್ ಆ ಹೆಸರು ಕೊಡೋದೇ ರ್‍ಯಾಮ್ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಒಟ್ಟಿಗೆ ಎರಡು ದಾರಿಯಲ್ಲಿ, ಇದ್ದಾಗ. ಬರೀ ಹೆಸರಲ್ಲ, ಕೆಲಸವೂ ಬದಲಾಗುತ್ತದೆ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮಿಗೆ ಹೋಗುವ ದಾರಿ ಅಗಲವಾದಷ್ಟೂ ಅದಕ್ಕೆ ಒಳ್ಳೆಯದು. ರ್‍ಯಾಮ್ ಹಾಕಿದ ಮೇಲೆ ಮೂರು ಪಟ್ಟಿನಲ್ಲೂ ಸುಮಾರು ಆಟಗಳು ಸಲೀಸಾದವು. ಹೊಸದಾಗಿ ಕೊಳ್ಳುವವರು 16 ಜಿಬಿ ಇದ್ದರೆ ಸಾಲದು, ಅದು ಒಂದೇ ಸ್ಟಿಕ್ಕಾ ಎರಡಾ ಅಂತ ಕೇಳಲೇಬೇಕು.

ಗೇಮಿಂಗ್ ಲ್ಯಾಪ್‌ಟಾಪು ಪಿಎಸ್2ರಲ್ಲಿ ಎಲ್ಲೂ ತಡವರಿಸಲಿಲ್ಲ. 1650 ಇರೋದರಿಂದ ರೆಸಲ್ಯೂಷನ್ ನಾಲ್ಕು ಪಟ್ಟಿಗೆ ಏರಿಸಿದರೂ, ಬ್ಲೆಂಡಿಂಗ್ (ಬಣ್ಣ ಬೆರೆಸುವ ನಿಖರತೆ) ಜಾಸ್ತಿ ಮಾಡಿದರೂ ಸುಮ್ನೆ ಓಡುತ್ತಿತ್ತು. ಈ ಒಂದು ವಿಷಯದಲ್ಲಿ ಅದು ನನ್ನದಕ್ಕಿಂತ ಒಂದು ಹೆಜ್ಜೆ ಮುಂದೆ. ತೊಂದರೆ ಬೇರೆ ಕಡೆ ಇದೆ. ಫ್ಯಾನ್ ಸದ್ದಿಗೆ ಹೆಡ್‌ಫೋನ್ ಇಲ್ಲದೆ ಆಡೋಕೆ ಆಗಲ್ಲ. ಕರೆಂಟ್ ಹೋಗಿ ಬ್ಯಾಟರಿಗೆ ಬಂದರೆ ವೇಗ ಒಮ್ಮೆಲೇ ಕುಸಿಯುತ್ತದೆ. ದೊಡ್ಡ ಚಾರ್ಜರ್ ಬೇರೆ ಹೊರಬೇಕು.

ಇಲ್ಲಿ ಒಂದು ಮಾತು: ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ನೋಡಿ ತೀರ್ಮಾನಿಸಬೇಡಿ. 2005ರ ಶ್ಯಾಡೋ ಆಫ್ ದ ಕೊಲೋಸಸ್ ನಿಜವಾದ ಪಿಎಸ್2ರಲ್ಲೇ 30 ಮುಟ್ಟೋಕೆ ಒದ್ದಾಡುತ್ತಿತ್ತು. ಎಮ್ಯುಲೇಟರ್ ತೋರಿಸುವ ವೇಗದ ಶೇಕಡಾ ನೋಡಿ. ಅದು 100 ಇದ್ದರೆ ನಿಮ್ಮ ಯಂತ್ರದ ತಪ್ಪಿಲ್ಲ.

ಮೂರರ ನಿಜವಾದ ಅಂತರ ಕಂಡದ್ದು ಪಿಎಸ್3ರಲ್ಲಿ. 2006ರ ಈ ಕನ್ಸೋಲಿನ ಸೆಲ್ ಪ್ರೊಸೆಸರಿನಲ್ಲಿ ಒಂದು ಮುಖ್ಯ ಕೋರ್, ಅದರ ಸುತ್ತ ಎಸ್‌ಪಿಯು ಅನ್ನುವ ಪುಟ್ಟ ಕೋರ್‌ಗಳು. ಅವುಗಳಲ್ಲಿ ಆರು ಆಟಕ್ಕೆ ಸಿಗುತ್ತಿದ್ದವು. ಹಾಗಾಗಿ ಪಿಎಸ್3ರ ಎಮ್ಯುಲೇಟರ್ ಆರ್‌ಪಿಸಿಎಸ್3ಗೆ ಚುರುಕಾದ ಕೋರ್‌ಗಳು ಬೇಕು, ಸಾಕಷ್ಟು ಸಂಖ್ಯೆಯಲ್ಲೂ ಬೇಕು. ಪ್ರೊಸೆಸರಿನಲ್ಲಿ ಎವಿಎಕ್ಸ್-512 (ಒಂದೇ ಸಲಕ್ಕೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ) ಆದೇಶಗಳಿದ್ದರೆ ಎಸ್‌ಪಿಯು ಕೆಲಸ ಇನ್ನಷ್ಟು ಬೇಗ ಆಗುತ್ತದೆ. 7840ಎಚ್‌ಎಸ್‌ನಲ್ಲಿ ಅದು ಇದೆ. 5600ಎಚ್‌ನಲ್ಲೂ ಇಲ್ಲ, 1235ಯುನಲ್ಲೂ ಇಲ್ಲ.

ಪರ್ಸೋನಾ 5 ಮೊದಲ ಸಲ ತೆರೆದಾಗಲೇ ಇದು ಗೊತ್ತಾಗುತ್ತದೆ. ಆಟ ಶುರುವಾಗುವ ಮೊದಲು ಆರ್‌ಪಿಸಿಎಸ್3 ಅದರ ಕೋಡನ್ನೆಲ್ಲ ಕಂಪೈಲ್ ಮಾಡುತ್ತದೆ, ಅಂದರೆ ನಮ್ಮ ಪ್ರೊಸೆಸರ್ ಭಾಷೆಗೆ ತಿರುಗಿಸುತ್ತದೆ. ನನ್ನದರಲ್ಲಿ ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ತಂಗಿಯದರಲ್ಲಿ 8 ಜಿಬಿ ಇದ್ದಾಗ ರ್‍ಯಾಮ್ ತುಂಬಿ ಎಮ್ಯುಲೇಟರೇ ಮುಚ್ಚಿಕೊಂಡಿತು, 16 ಆದ ಮೇಲೆ ದಾಟಿತು. ಆಟದೊಳಗೆ ಹೋದ ಮೇಲೆ ನನ್ನದೂ ಗೇಮಿಂಗ್ ಲ್ಯಾಪ್‌ಟಾಪೂ 30ರಲ್ಲಿ ಗಟ್ಟಿ ನಿಂತವು. ತಂಗಿಯದು ಊರಿನ ಜನಜಂಗುಳಿ ಬಂದಾಗ ಇಳಿಯಿತು. ಗಾಡ್ ಆಫ್ ವಾರ್ 3 ಇನ್ನೂ ಕಠಿಣ. ಅಂಚುಗಳನ್ನು ನಯ ಮಾಡುವ ಕೆಲಸವನ್ನು ಆ ಆಟ ಎಸ್‌ಪಿಯುಗಳ ಮೇಲೆ ಹೊರಿಸಿದೆ. ಅದನ್ನು ಆಫ್ ಮಾಡುವ ಪ್ಯಾಚ್ ಹಾಕಿದ ಮೇಲೆ ನನ್ನದರಲ್ಲಿ ಆಡುವ ಹಾಗಾಯಿತು. 1650 ಇದ್ದೂ ಗೇಮಿಂಗ್ ಲ್ಯಾಪ್‌ಟಾಪ್ ಇಲ್ಲಿ ಹಿಂದೆ ಬಿತ್ತು, ಯಾಕೆಂದರೆ ತಡೆಯುತ್ತಿದ್ದದ್ದು ಪ್ರೊಸೆಸರ್. ಕಾರ್ಡಿಗೆ ಪೂರ್ತಿ ಕೆಲಸವೇ ಇರಲಿಲ್ಲ.

ನಿಂಟೆಂಡೊದ ಗೇಮ್‌ಕ್ಯೂಬ್, ವೀ ಆಟಗಳಿಗೆ ಇರುವ ಎಮ್ಯುಲೇಟರ್ ಡಾಲ್ಫಿನ್. ಮೂರರಲ್ಲೂ ಚೆನ್ನಾಗಿ ಓಡುತ್ತದೆ. ಮೊದಮೊದಲು ಹೊಸ ದೃಶ್ಯ ಬಂದಾಗ ತಡೆತಡೆದು ನಿಲ್ಲುವುದು ಶೇಡರ್ (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುವುದರಿಂದ, ಡಾಲ್ಫಿನ್ ಸೆಟ್ಟಿಂಗ್‌ನಲ್ಲಿ ಹೈಬ್ರಿಡ್ ಉಬರ್‌ಶೇಡರ್ ಆನ್ ಮಾಡಿದರೆ ಬಹುಪಾಲು ಹೋಗುತ್ತದೆ. ಸೋನಿಯ ಕೈಯಲ್ಲಿ ಹಿಡಿಯುವ ಪಿಎಸ್‌ಪಿ ಬಗ್ಗೆ ಹೇಳುವುದೇ ಬೇಡ, ಅದರ ಎಮ್ಯುಲೇಟರ್ ಪಿಪಿಎಸ್‌ಎಸ್‌ಪಿಪಿಗೆ ನಿಮ್ಮ ಫೋನೇ ಸಾಕು.

ಪಿಎಸ್2ರವರೆಗೆ ಸಾಕು ಅನ್ನುವವರು ತೆಳು ಲ್ಯಾಪ್‌ಟಾಪಿಗೇ ಎರಡು ರ್‍ಯಾಮ್ ಸ್ಟಿಕ್ ಹಾಕಿಸಿಕೊಳ್ಳಿ, ದುಡ್ಡು ಉಳಿಯುತ್ತದೆ. ಹೊಸ ಪಿಸಿ ಗೇಮ್‌ಗಳನ್ನೂ ಆಡುತ್ತೀರಾ? ಆಗ ಗ್ರಾಫಿಕ್ಸ್ ಕಾರ್ಡ್ ಇರೋದೇ ಸರಿ, ಆದರೆ ಪ್ರೊಸೆಸರ್ 5600ಎಚ್‌ಗಿಂತ ಹೊಸದಿರಲಿ. ಎಮ್ಯುಲೇಟರೇ ಮುಖ್ಯ, ಪಿಎಸ್3 ಕೂಡ ಬೇಕು ಅನ್ನುವವರಿಗೆ ನನ್ನ ಓಟು 7840ಎಚ್‌ಎಸ್ ಥರದ ಚಿಪ್‌ಗೆ. ಮಾದರಿ ಹೆಸರಿನ ಕೊನೆಯ ಅಕ್ಷರ ನೋಡಿ: ಅದೇ ಪೀಳಿಗೆಯಲ್ಲಿ ಎಚ್ ಅಥವಾ ಎಚ್‌ಎಸ್ ಅಂತಿದ್ದರೆ ವ್ಯಾಟ್ ಜಾಸ್ತಿ, ಯು ಅಂತಿದ್ದರೆ ಕಡಿಮೆ.

ಯಾವುದನ್ನೇ ಕೊಂಡರೂ ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ಜೊತೆಗೆ ತಗೊಳ್ಳಿ. ಈ ಮೂರರಲ್ಲಿ ಯಾವುದರಲ್ಲೂ ಡ್ರೈವ್ ಇಲ್ಲ. ಮನೆಯಲ್ಲಿರುವ ಪಿಎಸ್2 ಡಿಸ್ಕುಗಳನ್ನು ಅದು ಓದುತ್ತದೆ, ಇಮೇಜ್ (ಡಿಸ್ಕಿನ ನಕಲು ಫೈಲ್) ಮಾಡಿಕೊಳ್ಳಬಹುದು. ಎಮ್ಯುಲೇಟರಿಗೆ ಬೇಕಾದ ಬಯಾಸ್ (ಕನ್ಸೋಲನ್ನು ಶುರು ಮಾಡುವ ಸಾಫ್ಟ್‌ವೇರ್) ಮಾತ್ರ ನಿಮ್ಮ ಪಿಎಸ್2ರಿಂದಲೇ ತೆಗೆಯಬೇಕು. ಗೇಮ್‌ಕ್ಯೂಬ್ ಡಿಸ್ಕನ್ನು ಸಾಮಾನ್ಯ ಡ್ರೈವ್‌ಗಳು ಓದುವುದಿಲ್ಲ. ಹಳೆಯ ವೀ ಕನ್ಸೋಲ್ ಯಾರ ಹತ್ತಿರವಾದರೂ ಇದ್ದರೆ ಅದರಿಂದ ತೆಗೆಯಬಹುದು.