ಅಪ್ಪನ ಸ್ಟೆಂಟು ಮತ್ತು ಮ್ಯೂಟ್ ಮಾಡಿ ನೋಡಿದ ಆ್ಯಪ್

ಅಪ್ಪನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಮೊದಲು ಡಾಕ್ಟರು ಚೀಟಿಯ ಹಿಂದೆ ಬಾಲ್‌ಪೆನ್ನಿನಲ್ಲಿ ಎರಡು ಗೆರೆ ಎಳೆದರು. ಮಧ್ಯೆ ಒಂದು ಗುಂಡು ಬರೆದು, "ಇಲ್ಲಿ ಬ್ಲಾಕ್ ಇದೆ, ಬಲೂನ್ ಹಾಕಿ ಬಿಡಿಸ್ತೀವಿ" ಅಂದರು. ಅಪ್ಪ ಎಲ್ಲ ಅರ್ಥವಾದವರ ಹಾಗೆ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದ್ದು: "ಬಲೂನು ಒಳಗೇ ಉಳಿದುಬಿಡುತ್ತಾ ಕಣೋ?"

ಅವತ್ತು ರಾತ್ರಿ ಫೋನಿಗೆ ಹಾಕಿಕೊಂಡ ಆ್ಯಪ್ ಇದು. ದೇಹದ ತ್ರೀಡಿ ಚಿತ್ರ, ಕಾಯಿಲೆಗಳ ಅನಿಮೇಶನ್, ಕನ್ನಡದಲ್ಲಿ ವಿವರಣೆ. ಮೂರು ತಿಂಗಳು ಬಳಸಿದ್ದೇನೆ. ಹೆಸರು ಬೇಡ, ಬೈಯುವುದೂ ಸ್ವಲ್ಪ ಇದೆ. ಐದಕ್ಕೆ ಮೂರು ಸ್ಟಾರ್.

ಮೊದಲು ಒಳ್ಳೆಯದು. ಹೃದಯವನ್ನು ಬೆರಳಲ್ಲಿ ತಿರುಗಿಸಿ ಉದ್ದಕ್ಕೆ ಸೀಳಿ ನೋಡಬಹುದು. ಎಡಗಡೆ ಕೆಳಗಿನ ಕೋಣೆಯ ಗೋಡೆ ದಪ್ಪ, ಬಲಗಡೆಯದು ತೆಳು. ಬಲಗಡೆಯದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು, ಎಡಗಡೆಯದು ಕಾಲಿನ ಹೆಬ್ಬೆರಳಿನವರೆಗೂ ತಳ್ಳಬೇಕು. ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಅರ್ಧ ನಿಮಿಷದಲ್ಲಿ ಕಣ್ಣಿಗೆ ಬಿತ್ತು.

ಆಂಜಿಯೋಪ್ಲಾಸ್ಟಿ, ಅಂದರೆ ಬಲೂನು ಹಾಕಿ ಬ್ಲಾಕ್ ಬಿಡಿಸುವ ವಿಡಿಯೋವನ್ನು ಅಪ್ಪನ ಜೊತೆ ಕೂತು ನೋಡಿದೆ. ಮಣಿಕಟ್ಟಿನ ರಕ್ತನಾಳದಿಂದ ಸಪೂರ ಕೊಳವೆಯೊಂದು ತೋಳಿನ ಮೇಲೆ ಹತ್ತಿ ಹೃದಯದ ಹತ್ತಿರ ಹೋಗುವಾಗ ಅಪ್ಪ ತಮಗೇ ಗೊತ್ತಿಲ್ಲದೆ ಮಣಿಕಟ್ಟು ಒತ್ತಿಕೊಂಡರು. ಬಲೂನು ಉಬ್ಬಿತು, ಅದರ ಮೇಲಿದ್ದ ಲೋಹದ ಜಾಲರಿ, ಅಂದರೆ ಸ್ಟೆಂಟ್, ಅರಳಿತು, ಬಲೂನು ಕುಗ್ಗಿ ಬಂದ ದಾರಿಯಲ್ಲೇ ವಾಪಸ್ ಹೋಯಿತು. "ಓ, ಜಾಲರಿ ಮಾತ್ರ ಉಳಿಯೋದು" ಅಂದರು. ಪೆನ್ನಿನ ಗೆರೆಯಿಂದ ಆಗದ್ದು ಆಯಿತು.

ಆದರೆ ಎಡವಟ್ಟಾಗಿದ್ದೂ ಇದೇ ವಿಡಿಯೋದಲ್ಲಿ. ಸ್ಟೆಂಟ್ ಅರಳಿದ ಕೂಡಲೇ ಬ್ಲಾಕ್ ಮಾಡಿದ್ದ ಹಳದಿ ಕೊಬ್ಬು ಮಾಯ! ರಕ್ತನಾಳ ಹೊಸ ಪೈಪಿನ ಹಾಗೆ ಫಳಫಳ. ಅಪ್ಪ ಡಿಸ್ಚಾರ್ಜ್ ಆಗಿ ಬಂದ ಮೇಲೆ ಒಂದು ದಿನ, "ಕಸ ಎಲ್ಲ ಹೋಯ್ತಲ್ಲ, ಇನ್ನೂ ಇಷ್ಟು ಮಾತ್ರೆ ಯಾಕೆ?" ಅಂದಾಗ ನನಗೆ ಎದೆ ಧಸಕ್ ಅಂತು. ಕೊಬ್ಬು ಎಲ್ಲೂ ಹೋಗಿರುವುದಿಲ್ಲ. ಗೋಡೆಗೆ ಒತ್ತಿಕೊಂಡು ಅಲ್ಲೇ ಇರುತ್ತದೆ. ಜೊತೆಗೆ ಹೊಸದಾಗಿ ಕೂತ ಲೋಹದ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಅದಕ್ಕೇ ಆ ಮಾತ್ರೆಗಳು, ಅದಕ್ಕೇ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು ಅನ್ನುವುದು. ಹಳದಿ ಬಣ್ಣವನ್ನು ಅಂಚಿನಲ್ಲಿ ಉಳಿಸಿ ಇನ್ನೈದು ಸೆಕೆಂಡ್ ತೋರಿಸಿದ್ದರೆ ಸಾಕಿತ್ತು, ಅಲ್ವಾ? ಚಂದ ಕಾಣಲಿ ಅಂತ ಅಳಿಸಿದ್ದಾರೆ ಅನ್ನುವುದು ನನ್ನ ಅನುಮಾನ.

ಅಳತೆಯ ಅಂದಾಜೂ ಸಿಗುವುದಿಲ್ಲ. ತೆರೆ ತುಂಬ ಕಾಣುವ ಸ್ಟೆಂಟ್ ನಿಜದಲ್ಲಿ ಸುಮಾರು 3 ಮಿಲಿಮೀಟರ್ ಅಗಲ, ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ ಅಷ್ಟೇ. ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಬರೆಯಬಹುದಿತ್ತು. ಆ್ಯಪಿನಲ್ಲಿ ಅಶುದ್ಧ ರಕ್ತದ ನಾಳಗಳು ನೀಲಿ. "ಹಾಗಾದ್ರೆ ಗಾಯ ಆದಾಗ ನೀಲಿ ಯಾಕೆ ಬರಲ್ಲ?" ಅಂತ ಅಕ್ಕನ ಮಗಳು ಕೇಳಿದಳು. ಅದು ಗುರುತಿಗೆ ಹಾಕುವ ಬಣ್ಣ, ನಿಜದಲ್ಲಿ ಕಡುಗೆಂಪು ಅಂತ ಆ್ಯಪ್ ಎಲ್ಲೂ ಹೇಳುವುದಿಲ್ಲ.

ಇನ್ನು ಕನ್ನಡ. "ಅಪಧಮನಿಯ ಲ್ಯೂಮೆನ್ ಸಂಕುಚನಗೊಂಡಿದೆ" ಅನ್ನುತ್ತದೆ ಒಂದು ಧ್ವನಿ, ಉಸಿರೇ ಬಿಡದೆ. "ರಕ್ತ ಹರಿಯುವ ದಾರಿ ಕಿರಿದಾಗಿದೆ" ಅಂದಿದ್ದರೆ ಏನಾಗುತ್ತಿತ್ತು? ಎರಡನೇ ದಿನದಿಂದ ಮ್ಯೂಟ್ ಮಾಡಿ ನಾನೇ ಹೇಳುತ್ತಾ ಬಂದೆ. ಈ ಆ್ಯಪ್ ಬಳಸುವ ಸರಿಯಾದ ವಿಧಾನ ಇದೇ ಅನ್ನಿಸುತ್ತದೆ.

ನಿಜವಾಗಿ ದುಡ್ಡಿಗೆ ಮೋಸವಿಲ್ಲ ಅನ್ನಿಸಿದ್ದು ಇನ್‌ಹೇಲರ್ ವಿಡಿಯೋದಲ್ಲಿ. ಅತ್ತೆಗೆ ಆಸ್ತಮಾ, ಒತ್ತಿ ಬಿಡುವ ಸ್ಪ್ರೇ ಇನ್‌ಹೇಲರ್ ಬಳಸುತ್ತಾರೆ. ಮುಖವನ್ನು ಮೂಗಿನಿಂದ ಗಂಟಲವರೆಗೆ ಪಕ್ಕದಿಂದ ಸೀಳಿ ತೋರಿಸುತ್ತಾರೆ. ಜೋರಾಗಿ ಎಳೆದರೆ ಔಷಧಿಯ ಚುಕ್ಕೆಗಳು ಗಂಟಲ ಹಿಂದಿನ ಗೋಡೆಗೆ ಹೋಗಿ ಬಡಿದು ಅಲ್ಲೇ ಅಂಟುತ್ತವೆ. ನಿಧಾನಕ್ಕೆ ಎಳೆದರೆ ತಿರುವಿನಲ್ಲಿ ಬಾಗಿ ಕೆಳಗಿಳಿದು ಶ್ವಾಸನಾಳದ ಕವಲುಗಳಿಗೆ ಹೋಗುತ್ತವೆ. ಆಮೇಲೆ ಉಸಿರು ಹಿಡಿಯಲು ತೆರೆಯ ಮೇಲೆ ಹತ್ತರವರೆಗೆ ಎಣಿಕೆ. ಪುಡಿ ಇನ್‌ಹೇಲರಿಗೆ ಉಲ್ಟಾ, ಜೋರಾಗಿಯೇ ಎಳೆಯಬೇಕು. ಅದಕ್ಕೆ ಬೇರೆ ವಿಡಿಯೋ ಇದೆ, ಭೇಷ್. ಅತ್ತೆ ಮೂರು ಸಲ ನೋಡಿ, "ನಾನು ಇಷ್ಟು ವರ್ಷ ಗಂಟಲಿಗೇ ಔಷಧಿ ಹೊಡೀತಿದ್ದೆ" ಅಂದರು.

ಒಂದು ತಕರಾರು ಬಾಕಿ. ಯಾರು ಬರೆದ ಚಿತ್ರ, ಯಾವ ಡಾಕ್ಟರು ನೋಡಿ ಸರಿ ಅಂದರು, ಎಲ್ಲೂ ಇಲ್ಲ. ಹಳೇ ಚಾಳಿ ಇದು. 1858ರಲ್ಲಿ ಬಂದ ದೇಹರಚನೆಯ ಪುಸ್ತಕ 'ಗ್ರೇಸ್ ಅನಾಟಮಿ'ಯ ಚಿತ್ರಗಳನ್ನು ಬರೆದದ್ದು ಹೆನ್ರಿ ವ್ಯಾಂಡೈಕ್ ಕಾರ್ಟರ್, ಜನರ ಬಾಯಲ್ಲಿ ಉಳಿದದ್ದು ಪಠ್ಯ ಬರೆದ ಗ್ರೇ ಹೆಸರು. ಇದು ಸುಮ್ನೆ ಡ್ರಾಯಿಂಗ್ ಬಂದವರೆಲ್ಲ ಮಾಡುವ ಕೆಲಸವೂ ಅಲ್ಲ. 1911ರಲ್ಲೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಾರ ಮ್ಯಾಕ್ಸ್ ಬ್ರೋಡೆಲ್ ಇದಕ್ಕಾಗಿಯೇ ಒಂದು ವಿಭಾಗ ಶುರು ಮಾಡಿದ್ದರು. ಹೆಸರು ಹಾಕಿದ್ದರೆ ಹಳದಿ ಕೊಬ್ಬಿನ ವಿಷಯ ಯಾರನ್ನು ಕೇಳಬೇಕು ಅಂತಾದರೂ ಗೊತ್ತಾಗುತ್ತಿತ್ತು. ಆ್ಯಪಿನವರಿಗೆ ಬರೆದೆ. "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಯಂತ್ರದ ಉತ್ತರ ಬಂತು.

ಮೊನ್ನೆ ಅಪ್ಪನ ಸ್ನೇಹಿತರಿಗೂ ಸ್ಟೆಂಟ್ ಅಂತಾಯಿತು. ಅಪ್ಪ ನನ್ನ ಫೋನ್ ಇಸಿದುಕೊಂಡು, ಸೌಂಡ್ ತೆಗೆದು, ಅವರಿಗೆ ವಿಡಿಯೋ ಹಾಕಿದರು. ಕೊನೆಗೆ ವಿಡಿಯೋ ನಿಲ್ಲಿಸಿ, ಫಳಫಳ ಪೈಪಿನ ಮೇಲೆ ಬೆರಳಿಟ್ಟು, "ಇದು ಸುಳ್ಳು, ಹಳದಿ ಇಲ್ಲೇ ಅಂಚಲ್ಲಿ ಇರುತ್ತೆ, ಮಾತ್ರೆ ಬಿಡಬೇಡ" ಅಂದರು.