ನೆಕ್‌ಬ್ಯಾಂಡ್ ಕೆಟ್ಟಿರಲಿಲ್ಲ: ಆರ್ಚರ್ ಸಿ6 ರೂಟರ್ ತಂದ ಮೇಲೆ

ಅವ್ವನಿಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಫೋನ್ ಕಿವಿಗೆ ಹಿಡಿದರೆ ಅರ್ಧ ಮಾತು ಹೋಗಿಬಿಡುತ್ತದೆ, ಅದಕ್ಕೇ ಬ್ಲೂಟೂತ್ ನೆಕ್‌ಬ್ಯಾಂಡ್ ಕೊಡಿಸಿದ್ದೆ. ರಾತ್ರಿ ಎಂಟಕ್ಕೆ ಅಕ್ಕ ಪುಣೆಯಿಂದ ವಾಟ್ಸಾಪ್‌ನಲ್ಲಿ ವಿಡಿಯೊ ಕಾಲ್ ಮಾಡುತ್ತಾಳೆ. ಅವ್ವ ಬೇಗ ಊಟ ಮುಗಿಸಿ ಅದಕ್ಕಾಗಿಯೇ ಕಾಯುತ್ತಾಳೆ. ಆದರೆ ಮಾತೆಲ್ಲ ತುಂಡು ತುಂಡಾಗಿ ಬರುತ್ತಿತ್ತು. ಮೂರ್ನಾಲ್ಕು ಸಲ "ಏನಂದಿ?" ಅಂತ ಕೇಳಿ, ಕೊನೆಗೆ "ಆಯ್ತು, ಇಡವ್ವಾ" ಅಂದುಬಿಡುತ್ತಿದ್ದಳು. ನೋಡಲು ಸಂಕಟವಾಗುತ್ತಿತ್ತು.

ನಮ್ಮೂರು ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಅಂಗಡಿಯಲ್ಲಿ ತೋರಿಸಿದರೆ ನೆಕ್‌ಬ್ಯಾಂಡೇ ಸರಿ ಇಲ್ಲ ಅಂದರು. ಹೊಸದು ತಂದೆ. ಅದೂ ಹಾಗೆಯೇ. ಇನ್ನೂ ಒಂದು ತಂದೆ. ಇಷ್ಟಕ್ಕೇ ಹತ್ತಿರ ಹತ್ತಿರ ಮೂರು ಸಾವಿರ ಹೋಯಿತು.

ಒಂದು ದಿನ ಮನೆಯ ಇಂಟರ್ನೆಟ್ ಹೋಗಿತ್ತು, ಅವ್ವ ಮೊಬೈಲ್ ಡೇಟಾದಲ್ಲೇ ಮಾತಾಡಿದಳು. ಆವತ್ತು ಒಂದು ಮಾತೂ ತುಂಡಾಗಲಿಲ್ಲ. ಅದೇ ಫೋನ್, ಅದೇ ನೆಕ್‌ಬ್ಯಾಂಡ್. ಆಗ ನನ್ನ ಗಮನ ವೈಫೈ ಕಡೆ ಹೋಯಿತು. ನಿಮ್ಮ ಮನೆಯಲ್ಲೂ ಇದೇ ತೊಂದರೆ ಇದ್ದರೆ ದುಡ್ಡು ಖರ್ಚು ಮಾಡುವ ಮೊದಲು ಇದೊಂದು ಪರೀಕ್ಷೆ ಮಾಡಿ ನೋಡಿ: ಫೋನಿನ ವೈಫೈ ಆಫ್ ಮಾಡಿ ಐದು ನಿಮಿಷ ಮಾತಾಡಿ.

ಕಾರಣ ಇಷ್ಟೇ. ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ಎಂಬ ರೇಡಿಯೊ ತರಂಗಗಳ ಜಾಗದಲ್ಲಿ, ಹಳೆಯ ವೈಫೈ ಓಡಾಡುವುದೂ ಅಲ್ಲೇ. ಬ್ಲೂಟೂತ್ ಆ ಜಾಗವನ್ನು ಒಂದೊಂದು ಮೆಗಾಹರ್ಟ್ಸ್‌ನ 79 ಸಣ್ಣ ದಾರಿಗಳಾಗಿ ಮಾಡಿಕೊಂಡು, ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ಗಾಂಧಿ ಸರ್ಕಲ್‌ನ ಗದ್ದಲದಲ್ಲಿ ಸಂದಿ ಹುಡುಕಿಕೊಂಡು ಹೋಗುವ ಸೈಕಲ್ ಇದ್ದಂತೆ. 2003ರಲ್ಲಿ ಬಂದ 1.2 ಆವೃತ್ತಿಯಿಂದ ಈಚೆಗೆ, ಗದ್ದಲವಿರುವ ದಾರಿ ಬಿಟ್ಟು ಖಾಲಿ ದಾರಿ ಹಿಡಿಯುವುದೂ ಅದಕ್ಕೆ ಗೊತ್ತು. ಆದರೆ ಖಾಲಿ ದಾರಿ ಇರಬೇಕಲ್ವಾ? ವೈಫೈನ ಒಂದು ಚಾನೆಲ್ ಸುಮಾರು 20 ಮೆಗಾಹರ್ಟ್ಸ್ ಜಾಗ ಹಿಡಿಯುತ್ತದೆ. ನಾವಿರುವುದು ಎಂಸಿಸಿ ಬಿ ಬ್ಲಾಕ್ ಬಡಾವಣೆಯಲ್ಲಿ, ಅಕ್ಕಪಕ್ಕ ಓದುವ ಹುಡುಗರ ರೂಮುಗಳು. ಸುತ್ತಲಿನ ವೈಫೈಗಳನ್ನು ತೋರಿಸುವ ವೈಫೈ ಅನಲೈಜರ್ ಆ್ಯಪ್ ಫೋನಿಗೆ ಹಾಕಿ ನೋಡಿದರೆ ಹದಿನಾಲ್ಕು ವೈಫೈ ಕಂಡವು, ಒಂದರ ಮೇಲೊಂದು ಬೀಳದ 1, 6, 11 ಮೂರೂ ಚಾನೆಲ್ ತುಂಬಿದ್ದವು. ಇದರ ಮೇಲೆ, ಹೆಚ್ಚಿನ ಫೋನ್‌ಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಎರಡಕ್ಕೂ ಒಂದೇ ಚಿಪ್, ಎಷ್ಟೋ ಸಲ ಆಂಟೆನಾ ಕೂಡ ಒಂದೇ. 2.4ರಲ್ಲಿ ವಿಡಿಯೊ ಕಾಲ್ ಮಾಡುತ್ತಾ ನೆಕ್‌ಬ್ಯಾಂಡ್ ಹಾಕಿಕೊಂಡರೆ ಎರಡೂ ಸರದಿಯಲ್ಲಿ ನಿಲ್ಲಬೇಕು.

ಇಂಟರ್ನೆಟ್‌ನವರು ಕೊಟ್ಟಿದ್ದ ವೈಫೈ ಡಬ್ಬಿಯಲ್ಲಿ 2.4 ಬಿಟ್ಟರೆ ಬೇರೆ ಇರಲಿಲ್ಲ. ಅದಕ್ಕೇ ಟಿಪಿ-ಲಿಂಕ್ ಆರ್ಚರ್ ಸಿ6 ತಂದೆ. ಎರಡೂವರೆ ಸಾವಿರದೊಳಗೆ ಬಂತು. ಇದರಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬ್ಯಾಂಡ್ ಇವೆ. 5ರಲ್ಲಿ ಬ್ಲೂಟೂತ್ ಕಾಲಿಡುವುದೇ ಇಲ್ಲ.

ತಂದ ದಿನ ಮಾತ್ರ ಏನೂ ಬದಲಾಗಲಿಲ್ಲ, ಏಕೆಂದರೆ ನಾನು ಸುಮ್ನೆ ಹಳೆ ಡಬ್ಬಿಯಿಂದ ಇದಕ್ಕೆ ಕೇಬಲ್ ಜೋಡಿಸಿ ಬಿಟ್ಟಿದ್ದೆ. ಹಳೆ ಡಬ್ಬಿಯ ವೈಫೈ ಇನ್ನೂ ಆನ್ ಇತ್ತು, ಅವ್ವನ ಫೋನ್ ಹಳೇ ಹೆಸರಿಗೇ ಹೋಗಿ ಕೂತಿತ್ತು. ಮೊದಲು ಅದನ್ನು ಆಫ್ ಮಾಡಿದೆ. ಆಮೇಲೆ ಹೊಸ ರೂಟರ್‌ನಲ್ಲಿ, ಎರಡನ್ನೂ ಒಂದೇ ಹೆಸರಿನಲ್ಲಿ ತೋರಿಸುವ ಸ್ಮಾರ್ಟ್ ಕನೆಕ್ಟ್ ತೆಗೆದು ಎರಡು ಬ್ಯಾಂಡ್‌ಗೂ ಬೇರೆ ಬೇರೆ ಹೆಸರಿಟ್ಟೆ, ಅವ್ವನ ಫೋನ್‌ಗೆ 5ರ ಪಾಸ್‌ವರ್ಡ್ ಮಾತ್ರ ಹಾಕಿದೆ. 2.4ರ ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೇ ನಿಲ್ಲಿಸಿದೆ. ಇದನ್ನು ಯಾರೂ ಮರೆಯಬಾರದು. 40 ಇಟ್ಟರೆ ನಿಮ್ಮ ಒಂದು ಮನೆಯ ವೈಫೈಯೇ ಬ್ಲೂಟೂತ್‌ನ ಅರ್ಧ ಜಾಗ ನುಂಗುತ್ತದೆ, ಪಕ್ಕದ ಮನೆಯವರಿಗೂ ತೊಂದರೆ.

ಆವತ್ತು ರಾತ್ರಿ ಅವ್ವ ಮುಕ್ಕಾಲು ಗಂಟೆ ಮಾತಾಡಿದಳು. ಒಂದು ಸಲವೂ "ಏನಂದಿ" ಅನ್ನಲಿಲ್ಲ.

ಕೊರತೆ ಇಲ್ಲವೆಂದಲ್ಲ. 5 ಗಿಗಾಹರ್ಟ್ಸ್‌ಗೆ ಗೋಡೆ ದಾಟುವ ಶಕ್ತಿ ಕಡಿಮೆ, ಅದು ಯಾವ ಕಂಪನಿಯ ರೂಟರ್ ಆದರೂ ಅಷ್ಟೇ. ನಮ್ಮದು ಹಳೆ ಮನೆ, ದಪ್ಪ ಗೋಡೆ. ನಡುಮನೆಯಲ್ಲಿ ಚೆನ್ನಾಗಿದೆ, ಅಡುಗೆಮನೆಯಲ್ಲಿ ಪರವಾಗಿಲ್ಲ, ಹಿತ್ತಲಲ್ಲಿ ಸಿಗುವುದೇ ಇಲ್ಲ. ಟಿವಿ ಹಿಂದೆ ಮೂಲೆಯಲ್ಲಿದ್ದ ರೂಟರನ್ನು ನಡುಮನೆಯ ಗೋಡೆಗೆ, ಎತ್ತರದಲ್ಲಿ ಹಾಕಿದ ಮೇಲೆ ಅಡುಗೆಮನೆಗೆ ಅಷ್ಟಾದರೂ ಬಂತು.

ಇನ್ನೊಂದು ಮಾತು, ಲ್ಯಾಪ್‌ಟಾಪ್ ಇರುವವರಿಗೆ. ನನ್ನ ಬ್ಲೂಟೂತ್ ಮೌಸ್ ತಡೆದು ತಡೆದು ಓಡುತ್ತಿತ್ತು, ಅದಕ್ಕೆ ಕಾರಣ ವೈಫೈ ಅಲ್ಲ, ಪಕ್ಕದಲ್ಲೇ ಚುಚ್ಚಿದ್ದ ಯುಎಸ್‌ಬಿ 3 ಹಾರ್ಡ್ ಡಿಸ್ಕ್. ಅದು 2.4ರ ಜಾಗದಲ್ಲೇ ರೇಡಿಯೊ ಗದ್ದಲ ಹೊರಡಿಸುತ್ತದೆ, ಇದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ತೋರಿಸಿದೆ. ಉದ್ದನೆ ಕೇಬಲ್ ಹಾಕಿ ಡಿಸ್ಕನ್ನು ದೂರ ಇಟ್ಟೆ, ಸರಿಹೋಯಿತು.

ನಿಮ್ಮ ಫೋನ್ 5 ಗಿಗಾಹರ್ಟ್ಸ್ ಹಿಡಿಯುತ್ತದೆಯೇ ಅಂತ ನೋಡಿಕೊಂಡೇ ಅಂಗಡಿಗೆ ಹೋಗಿ. ಹಿಡಿಯದಿದ್ದರೆ ಈ ರೂಟರ್ ತಂದೂ ಪ್ರಯೋಜನವಿಲ್ಲ, ಈಗಿರುವುದರಲ್ಲೇ 1, 6, 11ರಲ್ಲಿ ಜನ ಕಡಿಮೆ ಇರುವ ಚಾನೆಲ್ ಆರಿಸಿ ಅಗಲ 20 ಮಾಡಿ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.